ಕ್ಲೌಡ್ ಡೇಟಾಬೇಸ್ ಮತ್ತು ಟೆರಾಫಾರ್ಮ್: ಪರೀಕ್ಷಾ ಟಿಪ್ಪಣಿ

ಅಮೆಜಾನ್‌ನ ಆರ್‌ಡಿಎಸ್ ಡೇಟಾಬೇಸ್ ಸೇವೆ 2009ರಲ್ಲಿ ಮೈಎಸ್‌ಕ್ಯೂಎಲ್‌ನೊಂದಿಗೆ ಶುರುವಾಯಿತು. ಸರ್ವರ್, ಪ್ಯಾಚ್, ಬ್ಯಾಕಪ್ ವ್ಯವಸ್ಥೆ ಕಂಪನಿಯ ಹೊಣೆ; ಟೇಬಲ್ ವಿನ್ಯಾಸ, ಕ್ವೆರಿ, ಪ್ರವೇಶದ ಅನುಮತಿ ಗ್ರಾಹಕರ ಹೊಣೆ. ಸ್ವಯಂಚಾಲಿತ ಬ್ಯಾಕಪ್ ಉಳಿಸಿಕೊಳ್ಳುವ ಗರಿಷ್ಠ ಅವಧಿ 35 ದಿನ.

ಅಭ್ಯರ್ಥಿಗಳು ಗೊಂದಲಕ್ಕೆ ಬೀಳುವುದು ಮಲ್ಟಿ ಎಜೆಡ್ ಮತ್ತು ರೀಡ್ ರೆಪ್ಲಿಕಾ ವಿಷಯದಲ್ಲಿ. ಮಲ್ಟಿ ಎಜೆಡ್‌ನಲ್ಲಿ ಇನ್ನೊಂದು ಲಭ್ಯತಾ ವಲಯದ (ಎಜೆಡ್) ಸ್ಟ್ಯಾಂಡ್‌ಬೈಗೆ ದತ್ತಾಂಶ ಆ ಕ್ಷಣವೇ ನಕಲಾಗುತ್ತದೆ. ಮುಖ್ಯ ಡೇಟಾಬೇಸ್ ಕೈಕೊಟ್ಟರೆ ಅದೇ ವಿಳಾಸದಲ್ಲಿ ಸ್ಟ್ಯಾಂಡ್‌ಬೈ ಕೆಲಸಕ್ಕಿಳಿಯುತ್ತದೆ. ರೀಡ್ ರೆಪ್ಲಿಕಾ ಓದುವ ಹೊರೆ ಹಂಚಿಕೊಳ್ಳಲು. ಅದರ ನಕಲು ತುಸು ತಡವಾಗಬಹುದು. ಅಮೆಜಾನ್‌ನದೇ ಡೇಟಾಬೇಸ್ ಎಂಜಿನ್ ಆರೋರಾ ದತ್ತಾಂಶದ 6 ಪ್ರತಿಗಳನ್ನು 3 ವಲಯಗಳಲ್ಲಿ ಇಡುತ್ತದೆ.

ಇಂಥ ಡೇಟಾಬೇಸ್‌ಗಳೂ ಸೇರಿದಂತೆ ಮೂಲಸೌಕರ್ಯವನ್ನು ಕೋಡ್‌ನಲ್ಲೇ ಬರೆಯುವ ಸಾಧನಗಳಲ್ಲಿ ಕ್ಲೌಡ್‌ಫಾರ್ಮೇಷನ್ (2011) ಅಮೆಜಾನ್‌ನದು; ಹಾಶಿಕಾರ್ಪ್‌ನ ಟೆರಾಫಾರ್ಮ್ (2014) ಹಲವು ಕ್ಲೌಡ್‌ಗಳಿಗೆ ಒಗ್ಗುತ್ತದೆ. 2023ರಲ್ಲಿ ಟೆರಾಫಾರ್ಮ್ ಲೈಸೆನ್ಸ್ ಬದಲಾದಾಗ ಅದರಿಂದ ಓಪನ್‌ಟೋಫು ಕವಲೊಡೆಯಿತು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಟೆರಾಫಾರ್ಮ್ ಪ್ಲಾನ್ (ಜಾರಿಗೆ ಮುನ್ನ ತೋರಿಸುವ ಬದಲಾವಣೆಗಳ ಪಟ್ಟಿ) ಓದುವ ಅಭ್ಯಾಸ. ಎನ್‌ಕ್ರಿಪ್ಷನ್ ಇಲ್ಲದ ಆರ್‌ಡಿಎಸ್‌ಗೆ ಆಮೇಲೆ ಕೋಡ್‌ನಲ್ಲಿ ಎನ್‌ಕ್ರಿಪ್ಷನ್ ಸೇರಿಸಿದರೆ ಪ್ಲಾನ್‌ನಲ್ಲಿ -/+ ಗುರುತು ಬರುತ್ತದೆ. ಅಂದರೆ ಹಳೆಯ ಡೇಟಾಬೇಸ್ ಅಳಿಸಿ ಹೊಸದನ್ನು, ಖಾಲಿಯಾಗಿ, ಕಟ್ಟಲಿದೆ! ಸರಿಯಾದ ದಾರಿ: ಸ್ನ್ಯಾಪ್‌ಶಾಟ್ ತೆಗೆದು, ಅದರ ಎನ್‌ಕ್ರಿಪ್ಟ್ ಆದ ಪ್ರತಿ ಮಾಡಿ, ಅದರಿಂದ ಡೇಟಾಬೇಸ್ ಮರುಸ್ಥಾಪಿಸುವುದು. ಡೇಟಾಬೇಸ್ ಅಳಿಸಿದಾಗಲೂ ದತ್ತಾಂಶ ಉಳಿಯುವಂತೆ ಕ್ಲೌಡ್‌ಫಾರ್ಮೇಷನ್‌ನಲ್ಲಿ ಡಿಲೀಷನ್ ಪಾಲಿಸಿಯನ್ನು ರಿಟೇನ್ ಅಥವಾ ಸ್ನ್ಯಾಪ್‌ಶಾಟ್ ಎಂದು ಸ್ಪಷ್ಟವಾಗಿ ಬರೆಯಿರಿ. ಟೆರಾಫಾರ್ಮ್ ತಾನು ಕಟ್ಟಿದ್ದನ್ನು ದಾಖಲಿಸುವ ಸ್ಟೇಟ್ ಫೈಲ್‌ನಲ್ಲಿ ಪಾಸ್‌ವರ್ಡ್ ಬಯಲಾಗಿಯೇ ಇರಬಹುದು. ಅದನ್ನು ಗಿಟ್‌ಗೆ ಹಾಕದೆ, ಎನ್‌ಕ್ರಿಪ್ಟ್ ಮಾಡಿದ ರಿಮೋಟ್ ಬ್ಯಾಕೆಂಡ್‌ನಲ್ಲಿಡಬೇಕು.