ಯಾವಾಗ ಅಳೆದಿರಿ?

ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯಲ್ಲಿ ವಾರಕ್ಕೆ 20 ಹೊಸ ಪದ ಹೇಳಿಕೊಡುತ್ತಿದ್ದೆವು. ಕೊನೆಯ ಹತ್ತು ನಿಮಿಷದಲ್ಲಿ ಅವೇ ಪದಗಳ ಮೇಲೆ ಒಂದು ಕಿರುಪರೀಕ್ಷೆ. ಹೆಚ್ಚುಕಡಿಮೆ ಎಲ್ಲರಿಗೂ ಪೂರ್ತಿ ಅಂಕ! ಸೆಮಿಸ್ಟರ್ ವರದಿಯಲ್ಲಿ "ತರಗತಿ ಯಶಸ್ವಿ" ಅಂತ ಹೆಮ್ಮೆಯಿಂದ ಬರೆದೂ ಆಯಿತು. ಆಮೇಲೆ ಸ್ಪ್ರಿಂಗ್ ಬ್ರೇಕ್ ಬಂತು. ರಜೆ ಮುಗಿಸಿ ಬಂದವರನ್ನು ಅದೇ ಪದಗಳನ್ನು ಕೇಳಿದರೆ ಅರ್ಧಕ್ಕರ್ಧ ಮಾಯ. 'ಮಜ್ಜಿಗೆ' ನೆನಪಿತ್ತು, 'ನಿನ್ನೆ' 'ನಾಳೆ' ಅದಲುಬದಲಾಗಿದ್ದವು.

ಕಲಿಸಿದವರದು ತಪ್ಪೋ ಕಲಿತವರದು ತಪ್ಪೋ ಅಂತ ಅವತ್ತು ರಾತ್ರಿ ಅನ್ನ ಸಾರಿನ ಮುಂದೆ ಕೂತು ವಾದ ಮಾಡಿದೆವು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಯೋಮೆಡಿಕಲ್ ಓದುವವರೂ ಇದ್ದಾರೆ, ಹವಾಮಾನ ವಿಜ್ಞಾನ ಓದುವವರೂ ಇದ್ದಾರೆ. ವಾದ ಅಲ್ಲಿಗೆಲ್ಲ ಹೋಗಿ ಬಂದು ಕೊನೆಗೆ ಒಂದೇ ಪ್ರಶ್ನೆಯ ಮೇಲೆ ನಿಂತಿತು: ನಾವು ಅಳೆದದ್ದು ಯಾವಾಗ? ಮೂರು ಬೇರೆ ಬೇರೆ ವಿಷಯಗಳ ಸಂಶೋಧಕರು ಈ ಪ್ರಶ್ನೆಯನ್ನು ಹೇಗೆ ಎದುರಿಸಿದರು ಅನ್ನುವುದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಆರು ತಿಂಗಳು, ಐದು ವರ್ಷ

ಮೊದಲು ವೈದ್ಯಕೀಯ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧ ಸಿಕ್ಕಿದ್ದು 1943ರಲ್ಲಿ, ಅಮೆರಿಕದ ರಟ್ಗರ್ಸ್‌ನಲ್ಲಿ. ಅದು ನಿಜಕ್ಕೂ ಎಷ್ಟು ಕೆಲಸ ಮಾಡುತ್ತದೆ ಅಂತ ನೋಡಲು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 107 ರೋಗಿಗಳ ಮೇಲೆ ಒಂದು ಪ್ರಯೋಗ ನಡೆಸಿತು. ರೋಗಿಗಳೆಲ್ಲ 15ರಿಂದ 30 ವರ್ಷದೊಳಗಿನವರು, ಅಂದರೆ ಹೆಚ್ಚುಕಡಿಮೆ ನಮ್ಮದೇ ವಯಸ್ಸಿನವರು. ಆಗ ದೇಶದಲ್ಲಿ ಔಷಧ ಇದ್ದದ್ದೇ ಸ್ವಲ್ಪ, ಎಲ್ಲರಿಗೂ ಕೊಡುವ ಹಾಗೇ ಇರಲಿಲ್ಲ. ಯಾರಿಗೆ ಕೊಡಬೇಕು ಅನ್ನುವುದನ್ನು ವೈದ್ಯರ ಮನಸ್ಸಿಗೆ ಬಿಡದೆ, ಚೀಟಿ ಎತ್ತಿದ ಹಾಗೆ, ಯಾದೃಚ್ಛಿಕ ಸಂಖ್ಯೆಗಳಿಂದ ತೀರ್ಮಾನಿಸಿ ಮುಚ್ಚಿದ ಲಕೋಟೆಯಲ್ಲಿ ಇಟ್ಟರು. ಈ ವಿನ್ಯಾಸದ ಹಿಂದೆ ಇದ್ದವರು ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್.

55 ಜನರಿಗೆ ಔಷಧ ಮತ್ತು ಹಾಸಿಗೆ ವಿಶ್ರಾಂತಿ, 52 ಜನರಿಗೆ ಬರೀ ವಿಶ್ರಾಂತಿ. ಆರು ತಿಂಗಳಿಗೆ ಲೆಕ್ಕ ಹಾಕಿದಾಗ ಔಷಧ ಪಡೆದವರಲ್ಲಿ 4 ಜನ, ಪಡೆಯದವರಲ್ಲಿ 14 ಜನ ತೀರಿಕೊಂಡಿದ್ದರು. 1948ರಲ್ಲಿ ಪ್ರಕಟವಾದ ಈ ಫಲಿತಾಂಶ ಇವತ್ತಿಗೂ ಪಠ್ಯಪುಸ್ತಕಗಳಲ್ಲಿ ಇದೆ.

ಆದರೆ ಅದೇ ರೋಗಿಗಳನ್ನು ಐದು ವರ್ಷದ ನಂತರ ಲೆಕ್ಕ ಹಾಕಿದಾಗ ಔಷಧದ ಗುಂಪಿನಲ್ಲಿ 32, ಇನ್ನೊಂದರಲ್ಲಿ 35 ಜನ ತೀರಿಕೊಂಡಿದ್ದರು. ಅಷ್ಟು ದೊಡ್ಡದಾಗಿ ಕಂಡ ವ್ಯತ್ಯಾಸ ಬಹುಪಾಲು ಕರಗಿಹೋಗಿತ್ತು. ಕಾರಣ, ಒಂದೇ ಔಷಧ ಕೊಟ್ಟಾಗ ಅದಕ್ಕೆ ಬಗ್ಗದ ಕ್ಷಯಾಣುಗಳು ಉಳಿದು ಬೆಳೆದವು. ಮೊದಲ ವರದಿಯಲ್ಲೇ ಸಂಶೋಧಕರು ಇದನ್ನು ಗಮನಿಸಿ ಬರೆದಿದ್ದರು. ಮುಂದಿನ ಪ್ರಯೋಗದಲ್ಲಿ ಪಾಸ್ ಅನ್ನುವ ಎರಡನೇ ಔಷಧ ಸೇರಿಸಿ ಕೊಟ್ಟಾಗ ಈ ತೊಂದರೆ ತುಂಬ ಕಡಿಮೆಯಾಯಿತು. ಕ್ಷಯಕ್ಕೆ ಇಂದಿಗೂ ಒಂದಕ್ಕಿಂತ ಹೆಚ್ಚು ಔಷಧಗಳನ್ನು ಒಟ್ಟಿಗೆ ಕೊಡುವುದು ಈ ಪಾಠದಿಂದಲೇ.

ಇದರ ಮುಂದಿನ ಅಧ್ಯಾಯ ನಮ್ಮ ಊರುಗಳ ಪಕ್ಕದಲ್ಲೇ ನಡೆಯಿತು. ಆಗೆಲ್ಲ ಕ್ಷಯ ಅಂದರೆ ಸ್ಯಾನಿಟೋರಿಯಂ. ಮೈಸೂರಿನವರಿಗೆ ಪಿ.ಕೆ.ಟಿ.ಬಿ. ಸ್ಯಾನಿಟೋರಿಯಂ ಹೆಸರು ಗೊತ್ತೇ ಇರುತ್ತದೆ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಒಂದು ಅಧ್ಯಯನ, ಮನೆಯಲ್ಲೇ ಇದ್ದು ಔಷಧ ತೆಗೆದುಕೊಂಡವರನ್ನೂ ಸ್ಯಾನಿಟೋರಿಯಂ ಸೇರಿದವರನ್ನೂ ಹೋಲಿಸಿತು. ಮನೆಯ ಚಿಕಿತ್ಸೆಯೂ ಸಾಕಾಗುತ್ತದೆ ಅಂತ 1959ರಲ್ಲಿ ವರದಿ ಬಂತು. ಸಂಶೋಧಕರು ಅಷ್ಟಕ್ಕೇ ನಿಲ್ಲಿಸಲಿಲ್ಲ. ರೋಗ ಆಮೇಲೆ ಮರುಕಳಿಸಿದರೆ? ಮನೆಯವರಿಗೆ ಹರಡಿದರೆ? ಅದಕ್ಕಾಗಿ ರೋಗಿಗಳನ್ನೂ ಅವರ ಮನೆಯವರನ್ನೂ ಐದು ವರ್ಷ ನೋಡುತ್ತ ಹೋದರು. ತೀರ್ಮಾನ ಗಟ್ಟಿಯಾಗಿಯೇ ನಿಂತಿತು.

ಸಂಜೆ ಐದು, ಬೆಳಿಗ್ಗೆ ಎಂಟು

ಇನ್ನು ಹವಾಮಾನ. ಅಮೆರಿಕದಲ್ಲಿ 1890ರಿಂದ ಸಾವಿರಾರು ಸ್ವಯಂಸೇವಕರು ತಮ್ಮ ತೋಟ, ಹಿತ್ತಲುಗಳಲ್ಲಿ ಉಷ್ಣಾಂಶ, ಮಳೆ ಅಳೆದು ಬರೆದಿಡುತ್ತ ಬಂದಿದ್ದಾರೆ. ಅವರ ಹತ್ತಿರ ಇರುತ್ತಿದ್ದದ್ದು ಗರಿಷ್ಠ-ಕನಿಷ್ಠ ಥರ್ಮಾಮೀಟರ್. ದಿನಕ್ಕೊಮ್ಮೆ ಓದಿ, ಮತ್ತೆ ಮೊದಲಿನಿಂದ ಎಣಿಸಲು ಬಿಡಬೇಕು. ಇದರಲ್ಲಿ ಏನು ತಪ್ಪಾಗಬಹುದು ಅನ್ನಿಸುತ್ತದೆ ಅಲ್ಲವೇ? ನಾವೂ ಹಾಗೇ ಅಂದುಕೊಂಡಿದ್ದೆವು. ಒಂದು ಕಲ್ಪಿತ ಉದಾಹರಣೆ ನೋಡೋಣ.

ಸೋಮವಾರ ಸುಡುಬಿಸಿಲು. ಸಂಜೆ ಐದಕ್ಕೆ ಓದುವಾಗ ಆ ದಿನದ ಗರಿಷ್ಠ 39 ಡಿಗ್ರಿ, ಆ ಕ್ಷಣದ ಉಷ್ಣಾಂಶ 38. ಓದಿ, ಬರೆದು, ಥರ್ಮಾಮೀಟರನ್ನು ಮರುಹೊಂದಿಸಿದರೆ ಅದರ ಹೊಸ ಎಣಿಕೆ 38ರಿಂದಲೇ ಶುರು. ಮಂಗಳವಾರ ಮೋಡ ಕವಿದು 30 ಡಿಗ್ರಿ ದಾಟಲೇ ಇಲ್ಲ ಅನ್ನಿ. ಆದರೂ ಮಂಗಳವಾರ ಸಂಜೆ ಥರ್ಮಾಮೀಟರ್ ತೋರಿಸುವುದು 38! ಒಂದೇ ಬಿಸಿಲು ಎರಡು ದಿನದ ಲೆಕ್ಕಕ್ಕೆ ಸೇರಿತು. ಬೆಳಿಗ್ಗೆ ಓದುವವರಿಗೆ ಇದು ತಿರುಗಾಮುರುಗಾ: ಒಂದೇ ಚಳಿಯ ಬೆಳಗು ಎರಡು ಸಲ ಎಣಿಕೆಯಾಗುತ್ತದೆ.

ಇಪ್ಪತ್ತನೇ ಶತಮಾನದಲ್ಲಿ ಆ ದೇಶದ ಬಹಳಷ್ಟು ಕೇಂದ್ರಗಳು ಓದುವ ಹೊತ್ತನ್ನು ಸಂಜೆಯಿಂದ ಬೆಳಿಗ್ಗೆಗೆ ಬದಲಿಸಿದವು. ದಾಖಲೆಯಲ್ಲಿ ಮಾತ್ರ ಹವೆ ತಂಪಾದ ಹಾಗೆ ಕಂಡಿತು. ಥರ್ಮಾಮೀಟರ್ ಸುಳ್ಳು ಹೇಳಿರಲಿಲ್ಲ, ಓದಿದವರೂ ತಪ್ಪು ಬರೆದಿರಲಿಲ್ಲ. ಬದಲಾದದ್ದು ಹೊತ್ತು ಮಾತ್ರ. 1986ರಲ್ಲಿ ಥಾಮಸ್ ಕಾರ್ಲ್ ಮತ್ತು ಸಂಗಡಿಗರು ಈ ವ್ಯತ್ಯಾಸವನ್ನು ಲೆಕ್ಕ ಹಾಕಿ ತಿದ್ದುವ ವಿಧಾನ ಪ್ರಕಟಿಸಿದರು. ಪ್ರತಿ ಓದಿನ ಜೊತೆಗೆ ಅದನ್ನು ಓದಿದ ಹೊತ್ತೂ ದಾಖಲಾಗಿರಬೇಕು ಅನ್ನುವುದು ಅದಕ್ಕೇ.

ಊರಿನ ಪತ್ರಿಕೆಯಲ್ಲಿ "ಬೆಳಿಗ್ಗೆ 8.30ಕ್ಕೆ ಕೊನೆಗೊಂಡ 24 ಗಂಟೆಗಳಲ್ಲಿ" ಅಂತ ಮಳೆ ಸುದ್ದಿ ಬರುವುದನ್ನು ಚಿಕ್ಕಂದಿನಿಂದ ನೋಡಿದ್ದೇವೆ. ಆಗ ಅದು ಸರ್ಕಾರಿ ಭಾಷೆ ಅನ್ನಿಸುತ್ತಿತ್ತು. ಆಗುಂಬೆಯಲ್ಲಿ ಭಾನುವಾರ ಸಂಜೆ ಸುರಿದ ಮಳೆ ಸೋಮವಾರ ಬೆಳಗಿನ ಓದಿನಲ್ಲಿ ಬರುತ್ತದೆ. ಆ ಒಂದು ಸಾಲು ಇಲ್ಲದಿದ್ದರೆ ಎರಡು ಊರಿನ ಮಳೆಯನ್ನು ಹೋಲಿಸುವುದಕ್ಕೇ ಆಗುವುದಿಲ್ಲ.

ಅವತ್ತೇ, ಮತ್ತು ಒಂದು ವಾರದ ನಂತರ

ಈಗ ನಮ್ಮ ತರಗತಿಗೆ ಹತ್ತಿರದ ವಿಷಯ. 2008ರಲ್ಲಿ ಜೆಫ್ರಿ ಕಾರ್ಪಿಕಿ ಮತ್ತು ಹೆನ್ರಿ ರೋಡಿಗರ್ ಅಮೆರಿಕದ ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಇಂಗ್ಲಿಷ್ ಅರ್ಥದೊಂದಿಗೆ ಕಲಿಸಿದರು. ನಾಲ್ಕು ಗುಂಪು. ಒಮ್ಮೆ ಸರಿಯಾಗಿ ಹೇಳಿದ ಪದವನ್ನು ಮುಂದೇನು ಮಾಡಬೇಕು ಅನ್ನುವುದೊಂದೇ ಗುಂಪುಗಳ ನಡುವಿನ ವ್ಯತ್ಯಾಸ. ಒಂದರಲ್ಲಿ ಆ ಪದವನ್ನು ಓದಿಸುತ್ತಲೂ ಕೇಳುತ್ತಲೂ ಹೋದರು. ಇನ್ನೊಂದರಲ್ಲಿ ಓದಿಸುವುದನ್ನು ಬಿಟ್ಟು ಕೇಳುವುದನ್ನು ಮುಂದುವರಿಸಿದರು. ಮೂರನೆಯದರಲ್ಲಿ ಕೇಳುವುದನ್ನು ಬಿಟ್ಟು ಓದಿಸಿದರು. ನಾಲ್ಕನೆಯದರಲ್ಲಿ ಎರಡೂ ಬಿಟ್ಟರು.

ಕಲಿತ ದಿನ ನೋಡಿದರೆ ಎಲ್ಲ ಗುಂಪೂ ಒಂದೇ, ಹೆಚ್ಚುಕಡಿಮೆ ಎಲ್ಲ ಪದಗಳೂ ಬಂದಿದ್ದವು. ವಾರದ ನಂತರ ಎಷ್ಟು ನೆನಪಿರಬಹುದು ಅಂದಾಗ ಎಲ್ಲ ಗುಂಪಿನವರೂ ಸುಮಾರು ಅರ್ಧ ಅಂದರು. ವಾರ ಕಳೆದ ಮೇಲೆ, ಕೇಳುತ್ತ ಹೋದ ಎರಡು ಗುಂಪಿಗೆ ನೆನಪಿದ್ದದ್ದು ಶೇ. 80ರಷ್ಟು. ಕೇಳುವುದನ್ನು ಬಿಟ್ಟ ಎರಡು ಗುಂಪಿಗೆ ಶೇ. 35ರ ಆಸುಪಾಸು. ಓದಿಸಿದ್ದು ಬಿಟ್ಟಿದ್ದು ಹೆಚ್ಚೇನೂ ವ್ಯತ್ಯಾಸ ಮಾಡಲಿಲ್ಲ.

ಅಂದರೆ ಪರೀಕ್ಷೆ ಬರೀ ಅಳತೆಗೋಲಲ್ಲ, ನೆನಪಿಸಿಕೊಳ್ಳುವ ಪ್ರಯತ್ನವೇ ಕಲಿಕೆ. ಅವತ್ತೇ ಅಳೆದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಎಚ್ಚರಿಕೆ: ಇದು ಬಿಡಿ ಪದಗಳ ಲೆಕ್ಕ. ಪದ ಬಂದ ಮಾತ್ರಕ್ಕೆ ಮಾತು ಬಂತು ಅಂತಲ್ಲ.

ನಮ್ಮ ತರಗತಿಗೆ ಬಂದರೆ

ನಮ್ಮಲ್ಲಿಗೆ ಮಗಳನ್ನು ಕರೆತರುವ ಒಬ್ಬ ಅಕ್ಕ ಮೊದಲ ದಿನವೇ ಹೇಳಿದ್ದರು: "ಹಾಸನದಲ್ಲಿರೋ ಅಜ್ಜಿ ಹತ್ರ ಫೋನಲ್ಲಿ ನಾಲ್ಕು ಮಾತಾಡೋ ಅಷ್ಟು ಬಂದ್ರೆ ಸಾಕಪ್ಪ." ಅಜ್ಜಿಯ ಫೋನು ತರಗತಿ ಮುಗಿದ ಹತ್ತು ನಿಮಿಷಕ್ಕೇ ಬರುವುದಿಲ್ಲ. ಯಾವಾಗಲೋ ಬುಧವಾರ ರಾತ್ರಿ ಬರುತ್ತದೆ. ನಾವು ಅಳೆಯಬೇಕಾದದ್ದು ಆ ಬುಧವಾರವನ್ನು.

ಹಾಗಾಗಿ ಮುಂದಿನ ಸೆಮಿಸ್ಟರ್‌ಗೆ ಮೂರು ಬದಲಾವಣೆ ಮಾಡುತ್ತಿದ್ದೇವೆ.

1. ಕಿರುಪರೀಕ್ಷೆ ತರಗತಿಯ ಕೊನೆಗಲ್ಲ, ಮುಂದಿನ ವಾರದ ಶುರುವಿಗೆ.

2. ವಾರದ 20 ಪದಗಳಲ್ಲಿ ಚೀಟಿ ಎತ್ತಿ 10 ಆರಿಸುತ್ತೇವೆ. ಆ 10 ಪದಗಳನ್ನು, ಒಮ್ಮೆ ಸರಿ ಹೇಳಿದರೂ, ವಾರವಾರ ಕೇಳುತ್ತಲೇ ಇರುತ್ತೇವೆ. ಉಳಿದ 10 ಪದಗಳಿಗೆ ಹಳೆಯ ಪದ್ಧತಿ, ಅಂದರೆ ಅವತ್ತಿನ ತರಗತಿಯಲ್ಲೇ ಓದಿ ಅಲ್ಲಿಗೇ ಮುಗಿಸುವುದು.

3. ಕೊನೆಯ ಲೆಕ್ಕ ರಜೆ ಮುಗಿದ ಮೇಲೆ, ಎರಡೂ ಗುಂಪಿನ ಪದಗಳಿಗೆ ಒಂದೇ ದಿನ. ದಿನಾಂಕವನ್ನೂ ಅಂಕದ ಪಕ್ಕದಲ್ಲೇ ಬರೆಯುತ್ತೇವೆ.

ನಮ್ಮದು ಹತ್ತಾರು ಜನರ ಚಿಕ್ಕ ತರಗತಿ, ಇದರಿಂದ ಜಗತ್ತಿಗೆ ಏನನ್ನೂ ಸಾಧಿಸಿ ತೋರಿಸಲು ಹೊರಟಿಲ್ಲ. ನಮಗೆ ನಾವು ಸುಳ್ಳು ಹೇಳಿಕೊಳ್ಳದಿದ್ದರೆ ಸಾಕು. ಸದ್ಯಕ್ಕೆ ವರದಿಯ ಆ "ಯಶಸ್ವಿ" ಅನ್ನುವ ಮಾತನ್ನು ಇಲ್ಲಿ ವಾಪಸ್ ತೆಗೆದುಕೊಳ್ಳುತ್ತಿದ್ದೇವೆ. ಹೊಸ ಫಲಿತಾಂಶ ಒಳ್ಳೆಯದಾದರೂ ಕೆಟ್ಟದಾದರೂ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಕಲಿಸಲು, ಲೆಕ್ಕ ಇಡಲು ಇನ್ನೂ ಇಬ್ಬರು ಮೂವರು ಬೇಕು. ಭಾನುವಾರ ಬೆಳಿಗ್ಗೆ ಬನ್ನಿ, ಕಾಫಿ ನಮ್ಮದು.