‘ನಾನ್ಯಾವಾಗ ದೊಡ್ಡೋನಾಗೋದು?’

ಪ್ರಶ್ನೆ: ನಮ್ಮದು ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿ. ಹೊಗೆಸೊಪ್ಪಿನ ಬೇಸಾಯ. ಮಗಳು ನಾಲ್ಕನೇ ಕ್ಲಾಸು. ಐದು ವರ್ಷದ ಮಗ ಅಂಗನವಾಡಿಗೆ ಹೋಗುತ್ತಾನೆ. ಅವನದು ದಿನಾ ಒಂದೇ ರಾಗ, ‘ನಾನ್ಯಾವಾಗ ದೊಡ್ಡೋನಾಗೋದು?’ ಅಕ್ಕನ ಬ್ಯಾಗು ಹಾಕಿಕೊಂಡು ಸ್ಕೂಲಿಗೆ ಹೊರಡುತ್ತಾನೆ. ಬ್ಯಾರನ್ ಹತ್ತಿರ ಸೊಪ್ಪು ಕಟ್ಟುವವರ ನಡುವೆ ಹೋಗಿ ಕೂರುತ್ತಾನೆ. ಬೈಕಿನ ಕೀ ಕೊಡದಿದ್ದರೆ ನೆಲಕ್ಕೆ ಬಿದ್ದು ಹೊರಳಾಡುತ್ತಾನೆ. ನಮ್ಮ ಮನೆಯವರು ನಗುತ್ತಾ ಮುಂದೆ ಕೂರಿಸಿಕೊಂಡು ಆಕ್ಸಿಲೇಟರ್ ಹಿಡಿಸುತ್ತಾರೆ. ಅತ್ತೆ, ‘ವಯಸ್ಸು ಜಾಸ್ತಿ ಬರೆಸಿ ಒಂದನೇ ಕ್ಲಾಸಿಗೆ ಸೇರಿಸು’ ಅನ್ನುತ್ತಾರೆ. ಇವನಿಗೆ ತಾಳ್ಮೆ ಕಲಿಸುವುದು ಹೇಗೆ?
—ಒಬ್ಬ ತಾಯಿ

ಉತ್ತರ: ಒಂದು ದಿನದಲ್ಲಿ ಅವನ ಕಿವಿಗೆ ಏನೇನು ಬೀಳುತ್ತದೆ, ಸ್ವಲ್ಪ ಗಮನಿಸಿ ತಾಯಿ. ಕೀ ಕೇಳಿದರೆ ‘ನೀನಿನ್ನೂ ಚಿಕ್ಕೋನು’. ಅತ್ತರೆ ‘ಇಷ್ಟು ದೊಡ್ಡೋನಾಗಿ ಅಳ್ತೀಯಾ?’ ಕೇಳಿದ್ದು ಕೊಡದಿರಲು ಚಿಕ್ಕವನು, ಬೈಯಲು ದೊಡ್ಡವನು! ದೊಡ್ಡವರಿಗೆ ಸಿಗುವ ಬೆಲೆಯಲ್ಲಿ ತನ್ನ ಪಾಲಿನದು ಈಗಲೇ ಒಂದಿಷ್ಟು ಸಿಕ್ಕರೆ, ಮಗು ಉಳಿದದ್ದಕ್ಕೆ ಕಾಯುತ್ತದೆ.

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ದಸರಾ ಆನೆಗಳ ಗಜಪಯಣ ಹೊರಡುವುದು ನಿಮಗೆ ಗೊತ್ತಲ್ಲ. ಮೈಸೂರು ಸೇರಿದ ಆನೆಯ ಮೇಲೆ 750 ಕೆ.ಜಿ. ಅಂಬಾರಿಯನ್ನು ನೇರವಾಗಿ ಹೊರಿಸುವುದಿಲ್ಲ. ಮರಳು ಮೂಟೆ ಹೊರಿಸಿ, ತೂಕ ಏರಿಸುತ್ತಾ ವಾರಗಟ್ಟಲೆ ನಡೆಸುತ್ತಾರೆ. 2020ರಲ್ಲಿ ಮೊದಲ ಸಲ ಅಂಬಾರಿ ಹೊತ್ತ ಆನೆ ಅಭಿಮನ್ಯುವೂ ಅದಕ್ಕೆ ಮುಂಚೆ ಎಷ್ಟೋ ದಸರಾಗಳಲ್ಲಿ ಬೇರೆ ಕೆಲಸ ಮಾಡಿದವನೇ. ಮಗನಿಗೆ ಈ ಕಥೆ ಹೇಳಿ, ಅವನಿಗೂ ಒಂದು ಮೂಟೆ ಕೊಡಿ: ಕೋಳಿಗೆ ಕಾಳು ಹಾಕುವುದು, ಅವರೆಕಾಯಿ ಸುಲಿಯುವುದು, ಊಟಕ್ಕೆ ತಟ್ಟೆ ಲೋಟ ಇಡುವುದು. ಒಂದನ್ನು ಪೂರ್ತಿ ಅವನಿಗೇ ಬಿಡಿ. ಅವನು ಮರೆತರೆ ನೆನಪಿಸಿ, ನೀವೇ ಮಾಡಿ ಮುಗಿಸಬೇಡಿ. ಚೆನ್ನಾಗಿ ನಡೆಸಿಕೊಂಡು ಹೋದರೆ ಯುಗಾದಿಗೆ ಇನ್ನೊಂದು ಕೆಲಸ ಸೇರಿಸಿ.

ಐದು ವರ್ಷದವನಿಗೆ ‘ಮುಂದಿನ ವರ್ಷ’ ಅಂದರೆ ಅರ್ಥವಾಗುವುದಿಲ್ಲ. ‘ದಸರಾ ಆಗಲಿ, ಸಂಕ್ರಾಂತಿ ಬರಲಿ, ಚುಂಚನಕಟ್ಟೆ ಜಾತ್ರೆ ನೋಡಿ ಬರೋಣ, ಯುಗಾದಿ ಮುಗೀಲಿ, ಆಮೇಲೆ ಸ್ಕೂಲು’ ಅಂದರೆ ಅವನು ಬೆರಳು ಮಡಚಿ ಎಣಿಸಬಲ್ಲ. ಕ್ಯಾಲೆಂಡರಿನಲ್ಲಿ ಅವನ ಕೈಯಿಂದಲೇ ಗುರುತು ಹಾಕಿಸಿ.

ಆಡಿದ ಮಾತು ನಡೆಸುವುದು ಇವೆಲ್ಲಕ್ಕಿಂತ ಮುಖ್ಯ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು 28 ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿ 2013ರಲ್ಲಿ ಪ್ರಕಟಿಸಿದರು. ಮೊದಲು ಅರ್ಧ ಮಕ್ಕಳಿಗೆ ಕೊಟ್ಟ ಮಾತು ಉಳಿಸಿಕೊಂಡರು, ಉಳಿದವರಿಗೆ ತಪ್ಪಿದರು. ಆಮೇಲೆ ಒಂದು ಮಿಠಾಯಿ ಮುಂದಿಟ್ಟು, ‘ಕಾದರೆ ಎರಡು’ ಎಂದರು. ಮಾತು ಉಳಿದ ಮಕ್ಕಳು ಸರಾಸರಿ 12 ನಿಮಿಷ ಕಾದರೆ, ಮೋಸಹೋದವರು ಕಾದದ್ದು ಮೂರೇ ನಿಮಿಷ. ‘ಸಂತೆಯಿಂದ ತರ್ತೀನಿ ಕಣೋ’ ಎಂದು ಸುಮ್ಮನಾಗಿಸಿ ಬರಿಗೈಲಿ ಬಂದಾಗಲೆಲ್ಲ ನಾವು ಮಗುವಿಗೆ ಅವಸರವನ್ನೇ ಕಲಿಸುತ್ತೇವೆ. ಆಗದಿದ್ದರೆ ‘ಆಗಲ್ಲ’ ಎನ್ನಿ.

ಕಟ್ಟುನಿಟ್ಟಾಗಿ ಬೇಡ ಎನ್ನಬೇಕಾದವು ಮೂರಿವೆ. ಹಸಿ ಹೊಗೆಸೊಪ್ಪಿನ ನಿಕೋಟಿನ್ ಚರ್ಮದಿಂದಲೇ ಮೈಗೆ ಇಳಿದು ತಲೆಸುತ್ತು, ವಾಂತಿ ತರುತ್ತದೆ. ಸೊಪ್ಪು ಒದ್ದೆಯಿದ್ದರೆ ಇನ್ನೂ ಹೆಚ್ಚು. ಬ್ಯಾರನ್ ಹತ್ತಿರ ಅವನು ಬೇಡ, ಅಕ್ಕನೂ ಬೇಡ. ಬೈಕಿನ ವಿಷಯವನ್ನು ನಿಮ್ಮ ಯಜಮಾನರು ತಮಾಷೆ ಮಾಡಬಾರದು. ಐದಕ್ಕೆ ಆಕ್ಸಿಲೇಟರ್ ಹಿಡಿದವನು ಹದಿಮೂರಕ್ಕೆ ಕೀ ಕೇಳುತ್ತಾನೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಅಪ್ರಾಪ್ತರು ಬೈಕ್ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಇನ್ನು ವಯಸ್ಸು ಜಾಸ್ತಿ ಬರೆಸುವ ಮಾತು. ಒಂದನೇ ಕ್ಲಾಸಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು ಸರ್ಕಾರ 2025-26ರಲ್ಲಿ ಸಡಿಲಿಸಿದ್ದುಂಟು. ಆಗಲೂ 5 ವರ್ಷ 5 ತಿಂಗಳಿಗಿಂತ ಕೆಳಗೆ ಇಳಿಯಲಿಲ್ಲ. ಸುಳ್ಳು ತಾರೀಖು ಅವನ ಎಲ್ಲ ದಾಖಲೆಗಳಿಗೂ ಅಂಟಿಕೊಳ್ಳುತ್ತದೆ. ಅತ್ತೆಯವರಿಗೆ ಸಮಾಧಾನವಾಗಿ ತಿಳಿಸಿ.

ಹೊರಳಾಡಿ ಅಳುವಾಗ ಬುದ್ಧಿವಾದ ತಲೆಗೆ ಹೋಗುವುದಿಲ್ಲ. ಪಕ್ಕದಲ್ಲಿ ಕೂತಿರಿ, ಅಳು ಇಳಿದ ಮೇಲೆ ಎರಡು ಮಾತಾಡಿ. ಆದರೆ ಅತ್ತದ್ದಕ್ಕೆ ಕೀ ಕೊಡಬೇಡಿ. ಒಂದು ಸಲ ಕೊಟ್ಟರೆ ನಾಳೆಯ ಅಳು ಇನ್ನೂ ಜೋರಾಗುತ್ತದೆ. ಇದನ್ನು ನೀವು, ಯಜಮಾನರು, ಅತ್ತೆ ಮೂವರೂ ಮೊದಲು ಒಪ್ಪಿಕೊಳ್ಳಿ. ಇಷ್ಟಾದರೂ ತಿಂಗಳುಗಟ್ಟಲೆ ಹಟ ಇಳಿಯದಿದ್ದರೆ, ತನಗೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ, ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ.