ಅಡ್ವಾನ್ಸ್ ಬಾಡಿಗೆದಾರರ ದುಡ್ಡು

ಮನೆ ಬಾಡಿಗೆಗೆ ಕೊಡುವ ದಿನ ಮಾಲೀಕರೂ ಒಳ್ಳೆಯವರು, ಬರುವವರೂ ಒಳ್ಳೆಯವರು. ಮಾತು ಬಿಗಿಯಾಗುವುದು ಖಾಲಿ ಮಾಡುವ ದಿನ. ಪೀಣ್ಯದ ಪಕ್ಕ ಚೊಕ್ಕಸಂದ್ರದಲ್ಲಿ ಅಪ್ಪ ಕಟ್ಟಿಸಿದ ಮನೆಯನ್ನು ನೋಡಿಕೊಳ್ಳುವ ಹೊಣೆ ನನಗೆ ಬಂದ ಮೇಲೆ ನಾನು ಕಲಿತದ್ದರಲ್ಲಿ ಹೆಚ್ಚಿನದು ಆ ಒಂದು ದಿನದಿಂದಲೇ.

ಮೂವತ್ತು–ನಲವತ್ತರ ಸೈಟು. ಕೆಳಗೆ ನಾವು, ಮೇಲೆ ಒಂದು ಹಾಲು, ಒಂದು ರೂಮು, ಅಡುಗೆಮನೆಯ ಬಾಡಿಗೆ ಮನೆಗಳು. ಬರುವವರು ಸಿಎನ್‌ಸಿ ಆಪರೇಟರ್‌ಗಳು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಪೌಡರ್ ಕೋಟಿಂಗ್ ಶೆಡ್ಡಿನವರು. ಊರು ಕೇಳಿದರೆ ರಾಯಚೂರು, ಹಾಸನ, ತುಮಕೂರು; ಈಚೆಗೆ ಒಡಿಶಾ, ಬಿಹಾರ. 2014ರ ಮಾರ್ಚ್‌ನಲ್ಲಿ ಮೆಟ್ರೊ ಪೀಣ್ಯಕ್ಕೆ ಬಂದ ಮೇಲೆ ಮಲ್ಲೇಶ್ವರ, ರಾಜಾಜಿನಗರದ ಕಡೆ ಕೆಲಸಕ್ಕೆ ಹೋಗುವವರೂ ಟು-ಲೆಟ್ ಬೋರ್ಡು ನೋಡಿಕೊಂಡು ಬರತೊಡಗಿದರು.

ಬಾಡಿಗೆ ಎಷ್ಟು ಎನ್ನುವುದು ಬೀದಿಯೇ ಗೊತ್ತುಮಾಡುವ ಸಂಗತಿ, ಅದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಬೆಂಗಳೂರಿಗೇ ಅಂಟಿಕೊಂಡಿರುವ ರೂಢಿ ಹತ್ತು ತಿಂಗಳ ಅಡ್ವಾನ್ಸ್. ಎಂಟು ಸಾವಿರ ಬಾಡಿಗೆಯ ಮನೆಗೆ ಎಂಬತ್ತು ಸಾವಿರ. ಗಾರ್ಮೆಂಟ್ಸ್ ಸಂಬಳದಲ್ಲಿ ಅಷ್ಟು ಕೂಡಿಸಬೇಕಾದರೆ ಚೀಟಿ ಎತ್ತಬೇಕು, ಇಲ್ಲವೇ ಓಲೆ, ಸರ ಅಡ ಇಡಬೇಕು. ಹಾಗೆ ತಂದುಕೊಟ್ಟ ದುಡ್ಡನ್ನು ಮಾಲೀಕರು ಮೇಲಿನ ಮಹಡಿ ಎಬ್ಬಿಸಲು, ಮಗಳ ಮದುವೆಗೆ ಖರ್ಚು ಮಾಡಿಬಿಟ್ಟಿರುತ್ತಾರೆ. ಬಾಡಿಗೆದಾರರು ಹೊರಟಾಗ ಕೈಯಲ್ಲಿ ಇರುವುದಿಲ್ಲ. ‘ಹೊಸಬರು ಬರಲಿ, ಅವರು ಕೊಟ್ಟ ಮೇಲೆ ಕೊಡುತ್ತೇನೆ’ ಎಂಬ ಮಾತು ಆಗ ಬರುತ್ತದೆ. ನಮ್ಮ ಅಪ್ಪ ಮಾತ್ರ ಆ ದುಡ್ಡನ್ನು ಬ್ಯಾಂಕಿನಲ್ಲಿ ಬೇರೆಯೇ ಇಡುತ್ತಿದ್ದರು. ಪಾಸ್‌ಬುಕ್ಕಿನ ಮೇಲೆ ಮನೆ ನಂಬರು ಬರೆದಿರುತ್ತಿದ್ದರು.

ಅದರ ಬೆಲೆ ನನಗೆ ಪೂರಾ ಕಂಡಿದ್ದು 2020ರ ಕೊರೊನಾ ಲಾಕ್‌ಡೌನ್‌ನಲ್ಲಿ. ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ, ವಲಸೆ ಬಂದವರೂ ಸೇರಿ ಯಾವ ಕಾರ್ಮಿಕರಿಂದಲೂ ಮಾಲೀಕರು ಒಂದು ತಿಂಗಳ ಬಾಡಿಗೆ ಕೇಳಬಾರದು ಎಂದು ಆದೇಶ ಹೊರಡಿಸಿತು. ಫ್ಯಾಕ್ಟರಿಗಳ ಬಾಗಿಲು ಮುಚ್ಚಿತ್ತು, ಕೇಳಿದರೂ ಕೊಡುವವರು ಯಾರು? ಆದರೆ ಮೇ ತಿಂಗಳಲ್ಲಿ ಚಿಕ್ಕಬಾಣಾವರದಿಂದ ಶ್ರಮಿಕ್ ರೈಲು ಹೊರಟಾಗ ಜನಕ್ಕೆ ಬೇಕಾಗಿದ್ದು ಬಾಡಿಗೆಯ ವಿನಾಯಿತಿಗಿಂತ ಹೆಚ್ಚಾಗಿ ತಮ್ಮದೇ ಅಡ್ವಾನ್ಸ್. ಕೈಯಲ್ಲಿ ಕಾಸಿಲ್ಲದೆ, ಮಾಲೀಕರ ಬಳಿ ಸಾವಿರಾರು ರೂಪಾಯಿ ಬಿಟ್ಟು ಊರಿಗೆ ಹೋದವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಅದು ಇವತ್ತಿಗೂ ನನಗೆ ಸಂಕಟದ ನೆನಪು. ನಮ್ಮ ಮೇಲಿನ ಮನೆಯ ಹುಡುಗರಿಗೆ ಅಪ್ಪ ಇಟ್ಟಿದ್ದ ದುಡ್ಡು ತೆಗೆದುಕೊಡಲು ಸಾಧ್ಯವಾಯಿತು.

ಇನ್ನು ಖಾಲಿ ಮಾಡುವ ದಿನದ ಲೆಕ್ಕ. ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಇಲ್ಲಿನ ವಾಡಿಕೆ. ಸಂಸಾರ ಮಾಡಿದ ಮನೆ ಹೇಗಿರುತ್ತದೆ? ಒಲೆಯ ಹಿಂದೆ ಒಗ್ಗರಣೆಯ ಜಿಡ್ಡು, ಬಚ್ಚಲ ಬಾಗಿಲ ಮೇಲೆ ಅಂಟಿಸಿಟ್ಟ ಹಣೆಬೊಟ್ಟುಗಳು, ದೇವರ ಪಟಕ್ಕೆ ಹೊಡೆದ ಮೊಳೆ, ಮಗು ಪೆನ್ಸಿಲ್ಲಿನಲ್ಲಿ ಗೀಚಿದ ಗೋಡೆ. ಇವೆಲ್ಲ ಬಳಕೆಯ ಗುರುತು, ಅದಕ್ಕೇ ಬಾಡಿಗೆ ಇಸಿದುಕೊಂಡಿರುತ್ತೇವೆ. ಒಡೆದ ವಾಶ್‌ಬೇಸಿನ್ನು, ಕಿತ್ತುಬಂದ ಸ್ವಿಚ್‌ಬೋರ್ಡು ಬೇರೆ ಲೆಕ್ಕ. ಬೀಗದ ಕೈ ಕೊಡುವಾಗಲೇ ಮನೆಯನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ ಅವರಿಗೂ ಕಳಿಸಿಬಿಟ್ಟರೆ ಈ ತಕರಾರಿನ ಮುಕ್ಕಾಲುಪಾಲು ಹುಟ್ಟುವುದೇ ಇಲ್ಲ.

ರಾಯಚೂರಿನ ಒಬ್ಬಳು ಹೆಣ್ಣುಮಗಳು ಗ್ಯಾಸ್ ಸಿಲಿಂಡರ್ ಟೆಂಪೋಗೆ ಏರಿಸಿ ಮೇಲೆ ಬಂದವಳು, ‘ಅಕ್ಕಾರೆ, ಅಡ್ವಾನ್ಸ್ ಇವತ್ತೇ ಸಿಗ್ತದೇನ್ರಿ? ಅಲ್ಲಿ ಹೊಸಾ ಮನೀಗೆ ಕೊಡಬೇಕ್ರಿ’ ಅಂದಳು. ಒಂದು ಮನೆಯ ಅಡ್ವಾನ್ಸ್ ಬಂದರೇ ಇನ್ನೊಂದು ಮನೆಯ ಬಾಗಿಲು ತೆಗೆಯುವುದು. ಒಂದು ವಾರ ತಡ ಮಾಡಿದರೆ ಅವಳು ಆ ವಾರಕ್ಕೆ ಬಡ್ಡಿ ಕಟ್ಟುತ್ತಾಳೆ.

ಕಾನೂನು ಏನು ಹೇಳುತ್ತದೆ ಎಂದು ವಕೀಲರನ್ನು ಕೇಳಿ ತಿಳಿದುಕೊಂಡೆ. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು. ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಸುವುದು ಅದಕ್ಕೇ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿತು. ಇಂದು ಆ ಬಾಡಿಗೆಗೆ ಇಲ್ಲಿ ಎಂಥ ಮನೆ ಸಿಕ್ಕೀತು? ಹಾಗಾಗಿ ಕಾಗದದಲ್ಲಿ ಏನು ಬರೆದಿದೆಯೋ ಅದೇ ಇಬ್ಬರಿಗೂ ಆಧಾರ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಠೇವಣಿ ಸಾಕು, ಮನೆ ಬಿಟ್ಟ ದಿನವೇ ಅದನ್ನು ಹಿಂದಿರುಗಿಸಬೇಕು ಎನ್ನುತ್ತದೆ. ರಾಜ್ಯಗಳು ಒಪ್ಪಿಕೊಂಡ ಕಡೆ ಮಾತ್ರ ಅದು ಜಾರಿ. ನಾನು ಅದಕ್ಕಾಗಿ ಕಾದು ಕೂರದೆ, ಆ ಮಾದರಿಗೆ ಹತ್ತಿರವಾಗಿಯೇ ಕರಾರು ಬರೆಸುತ್ತೇನೆ. ಅಡ್ವಾನ್ಸ್ ಮೂರು ತಿಂಗಳದ್ದು, ಬೀಗದ ಕೈ ಕೊಟ್ಟ ದಿನವೇ ವಾಪಸ್ಸು.

2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಒಂದು ಹೊಸ ಕೆಲಸ ಸೇರಿದೆ. ಅದಕ್ಕಾಗಿ ಬಾಡಿಗೆದಾರರ ಆಧಾರ್ ಮನೆಯ ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರಿಗೆ ಜೋಡಣೆಯಾಗಿರುತ್ತದೆ. ಹೋಗುವವರು ಅದನ್ನು ಬಿಡಿಸಿಕೊಳ್ಳದಿದ್ದರೆ ಅವರಿಗೆ ಹೊಸ ಮನೆಯಲ್ಲೂ ಸಿಗುವುದಿಲ್ಲ, ಬರುವವರಿಗೆ ಈ ಮನೆಯಲ್ಲೂ ಸಿಗುವುದಿಲ್ಲ. ಮೀಟರ್ ರೀಡಿಂಗ್ ಫೋಟೋ ತೆಗೆದು, ಕೊನೆಯ ಬೆಸ್ಕಾಂ ಬಿಲ್ಲಿನ ಲೆಕ್ಕ ಮುಗಿಸಿ, ಎದುರಿಗೇ ಕೂತು ಆಧಾರ್ ಬಿಡಿಸಿಕೊಟ್ಟೇ ಟೆಂಪೋ ಕಳಿಸುತ್ತೇನೆ.

ಮೂರೇ ತಿಂಗಳು ತೆಗೆದುಕೊಂಡರೆ ಬಾಡಿಗೆ ಬಾಕಿ ಉಳಿಸಿ ಓಡಿಹೋದಾರು ಎಂದು ಅಕ್ಕಪಕ್ಕದವರು ಹೇಳುತ್ತಾರೆ. ಆ ಭಯ ಸುಳ್ಳಲ್ಲ. ಅದಕ್ಕೇ ಎರಡು ತಿಂಗಳ ಬಾಕಿಯಾಗುವ ಮೊದಲೇ ಮೇಲೆ ಹೋಗಿ ಕೂತು ಮಾತಾಡುತ್ತೇನೆ: ಕೆಲಸ ಹೋಯಿತೇ, ಮನೆಯಲ್ಲಿ ಯಾರಿಗಾದರೂ ಕಾಯಿಲೆಯೇ, ಯಾವಾಗ ಕೊಡಬಲ್ಲರು. ಆಗದು ಎಂದರೆ ಬೇಗ ಬಿಡಲು ಹೇಳುತ್ತೇನೆ, ಉಳಿದ ಅಡ್ವಾನ್ಸ್ ಕೈಗಿಟ್ಟೇ. ನಮ್ಮ ಮನೆಗಳಿಗೆ ಈಗ ಟು-ಲೆಟ್ ಬೋರ್ಡು ಹಾಕುವ ಪ್ರಸಂಗ ಕಡಿಮೆ. ಬಿಟ್ಟು ಹೋಗುವವರೇ ತಮ್ಮ ಲೈನಿನಲ್ಲಿ ಕೆಲಸ ಮಾಡುವವರನ್ನು ಕರೆತಂದು ಮನೆ ತೋರಿಸುತ್ತಾರೆ.